ಗಾಳಕ್ಕೆ ತಕ್ಕ ಎರೆ



ನಮ್ಮ ಹಲಗೇರಿ, ಬ್ಯಾಡಗಿ, ಹಾವೇರಿ ಕಡೆಯಲ್ಲಿ ಎರೆ ಎಂದರೆ ಕರಿಯ ಭೂಮಿ. ಗಾಳ ಹಿಡಿದವನಿಗೆ ಮಾತ್ರ ಎರೆ ಎಂದರೆ ಮೀನಿಗೆ ತೋರಿಸುವ ಆಮಿಷ. ಹೊಲಕ್ಕೆ ತಕ್ಕ ಬೀಜ ಆರಿಸುವ ನೀವು ನೀರಿಗೆ ತಕ್ಕ ಎರೆಯನ್ನೂ ಆರಿಸಬೇಕು. ಎಲ್ಲ ಮೀನಿಗೂ ಒಂದೇ ಎರೆಹುಳುವನ್ನು ಸಿಕ್ಕಿಸಿ, ಹೊತ್ತು ಮುಳುಗುವವರೆಗೆ ಕುಳಿತು, ಕೆರೆಯಲ್ಲಿ ಮೀನೇ ಇಲ್ಲವೆಂದು ಎದ್ದು ಬರುವವರುಂಟು. ಮೀನು ಇರುತ್ತದೆ; ಎರೆ ಅದರ ಬಾಯಿಗೆ ಒಪ್ಪಿರುವುದಿಲ್ಲ.

ಆದುದರಿಂದ ಮೊದಲು ಮೀನಿನ ಬಾಯಿಯನ್ನು ನೋಡಿರಿ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದೆ. ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ಅದಕ್ಕೆ ಅಕ್ಕಿ ತೌಡು, ಶೇಂಗಾ ಹಿಂಡಿ ಕಲಸಿದ ಸಡಿಲ ಉಂಡೆಯನ್ನು ಬೆಂಡಿನ ಕೆಳಗೆ ಒಂದೆರಡು ಅಡಿಯಲ್ಲೇ ತೂಗಬಿಡಬೇಕು. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕಿ ತಿನ್ನುವುವು. ಇವಕ್ಕೆ ಗೋವಿನಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಿ, ಬಟಾಣಿಯಷ್ಟು ಉಂಡೆ ಮಾಡಿ, ಸೀಸದ ಗುಂಡು ಕಟ್ಟಿ ತಳಕ್ಕೆ ಇಳಿಸಿರಿ. ಎರೆಹುಳುವೂ ಇಲ್ಲಿ ನಡೆಯುತ್ತದೆ. ಇಷ್ಟರಲ್ಲಿ ಗೆಂಡೆ ಜಾತಿಯ ಮಾತು ಮುಗಿಯಿತು.

ಕೊರವ ಮೀನಿನ ಸಂಗತಿ ಬೇರೆ. ಹಾವಿನಂಥ ತಲೆ, ಉರುಟಾದ ಮೈ, ಅಗಲವಾದ ಬಾಯಿ, ಒಳಗೆ ಹಲ್ಲು. ಅಮೆರಿಕದವರು ತಮ್ಮ ಕೊಳಗಳಲ್ಲಿ ಬಾಸ್ ಎಂಬ ಮೀನಿಗಾಗಿ ಬಗೆಬಗೆಯ ಕೃತಕ ಎರೆಗಳನ್ನು ಮಾಡಿಕೊಂಡಿದ್ದಾರೆ. ಆ ಮೀನು ನಮ್ಮ ಕೆರೆಗಳಲ್ಲಿಲ್ಲ. ಆದರೆ ಅದರಂತೆಯೇ ಜೊಂಡಿನ ಮರೆಯಲ್ಲಿ ಹೊಂಚುಹಾಕಿ, ಹತ್ತಿರ ಸುಳಿದ ಕಪ್ಪೆಯನ್ನೋ ಸಣ್ಣ ಮೀನನ್ನೋ ತಟ್ಟನೆ ಹಿಡಿಯುವುದು ನಮ್ಮ ಕೊರವ. ಇದಕ್ಕೆ ಹಿಟ್ಟಿನ ಉಂಡೆ ತೋರಿಸಿ ಫಲವಿಲ್ಲ. ಇದಕ್ಕೆ ಬೇಕಾದುದು ಚಲಿಸುವ ಎರೆ.

ಜೊಂಡು, ಅಂತರಗಂಗೆ ಬೆಳೆದ ದಂಡೆಗೆ ರಬ್ಬರಿನ ಕಪ್ಪೆಯೇ ಉತ್ತಮ. ಅದರ ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದು ಕಡಿಮೆ. ಮೀನು ಕಚ್ಚಿದಾಗ ಮೆತ್ತನೆಯ ಮೈ ಅದುಮಿ ಕೊಕ್ಕೆ ಹೊರಬೀಳುತ್ತದೆ. ಕೊರವ ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಆಗ ಏಳುವ ಉಂಗುರದಂಥ ಅಲೆಯನ್ನು ನೋಡಿಕೊಂಡು, ಅದರ ತಲೆಯ ಮೇಲಲ್ಲ, ನಾಲ್ಕು ಮೊಳ ಆಚೆಗೆ ಎಸೆದು, ಎಳೆದು, ನಿಲ್ಲಿಸಿ, ಮತ್ತೆ ಎಳೆಯಿರಿ. ನೀರು ಚಿಮ್ಮಿದೊಡನೆ ಜಗ್ಗಬೇಡಿರಿ. ಮೀನು ಬಾಯಿ ಮುಚ್ಚಲಿ. ಎರಡು ಎಣಿಸಿ ಜಗ್ಗಿರಿ. ಈ ಅವಸರದಿಂದ ಕಳೆದುಹೋಗುವಷ್ಟು ಕೊರವ ಬೇರೆ ಯಾವುದರಿಂದಲೂ ಕಳೆದುಹೋಗದು.

ಕಳೆಯಿಲ್ಲದ ಬಯಲು ನೀರಿನಲ್ಲಿ ಹೊಳೆಯುವ ತಗಡಿನ ಎರೆಯನ್ನು ಎಸೆದು ಎಳೆಯಬಹುದು. ಎರಡು ಅಂಗುಲ ಉದ್ದ ಸಾಕು. ಹೊಸ ಮಳೆಗೆ ನೀರು ಕೆಂಪಾದಾಗ ಮೀನಿಗೆ ಕಾಣುವುದು ಕಡಿಮೆ. ಆಗ ಹೊಳಪೂ ಸದ್ದೂ ಇರುವ ಎರೆ ಬೇಕು. ಚಳಿಗಾಲದಲ್ಲಿ ನೀರು ತಿಳಿಯಾದ ಮೇಲೆ ಕಪ್ಪು, ಕಂದು, ಹಸಿರು ಬಣ್ಣದ್ದನ್ನು ನಿಧಾನವಾಗಿ ಆಡಿಸಿರಿ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಬಣ್ಣಗಳಿರುತ್ತವೆ. ಅವುಗಳಲ್ಲಿ ಎಷ್ಟೋ ಮೀನಿಗಿಂತ ಮೊದಲು ಕೊಳ್ಳುವವನನ್ನೇ ಹಿಡಿಯುವಂಥವು!

ಜೀವಂತ ಕಪ್ಪೆಯನ್ನು ಸಿಕ್ಕಿಸುವ ಹಳೆಯ ರೂಢಿಯನ್ನು ಬಿಡುವುದೇ ಲೇಸು. ಕಪ್ಪೆ ಹೊಲದ ಹುಳುಗಳನ್ನು ತಿನ್ನುವ ಪ್ರಾಣಿ. ಕಪ್ಪೆಯ ಕಾಲುಗಳನ್ನು ಪರದೇಶಕ್ಕೆ ಕಳಿಸುವುದನ್ನು ಭಾರತ ಸರ್ಕಾರ 1987ರಲ್ಲಿ ನಿಲ್ಲಿಸಿದ್ದನ್ನು ಹಿರಿಯರು ಬಲ್ಲರು. ಜಿಲೇಬಿ ಮೀನಿನ ಮರಿಗಳನ್ನು ಎರೆಗಾಗಿ ಒಯ್ದು, ಉಳಿದುದನ್ನು ಇನ್ನೊಂದು ಕೆರೆಗೆ ಚೆಲ್ಲುವುದಂತೂ ಕೂಡದು. 1952ರಲ್ಲಿ ನಮ್ಮ ದೇಶಕ್ಕೆ ತಂದ ಈ ಮೀನು ಬೇಗನೆ ಮರಿಹಾಕಿ ತುಂಬಿಕೊಂಡು, ಬಿತ್ತಿದ ಗೆಂಡೆಯ ಮೇವನ್ನು ಕಸಿಯುತ್ತದೆ.

ಇನ್ನು ಮಳೆಗಾಲದ ಮಾತು. ಕೆರೆಯ ಅಂಚಿನಲ್ಲಿ ಕೆಂಪು ಮರಿಗಳ ಗುಂಪೊಂದು ಒಟ್ಟಾಗಿ ಮೇಲೇಳುತ್ತ ಮುಳುಗುತ್ತ ತೇಲುವುದನ್ನು ನೀವು ಕಂಡಿರಬಹುದು. ಅವು ಕೊರವನ ಮರಿಗಳು. ತಾಯಿತಂದೆ ಕೆಳಗೇ ಕಾವಲಿರುತ್ತವೆ. ಆ ಗುಂಪಿನ ನಡುವೆ ಯಾವ ಎರೆ ಬಿದ್ದರೂ, ಹಸಿವಿಲ್ಲದಿದ್ದರೂ, ಮರಿಗಳನ್ನು ಉಳಿಸಲು ದೊಡ್ಡ ಮೀನು ಅದರ ಮೇಲೆ ಎರಗುತ್ತದೆ. ಇದು ಬಲ್ಲವರಿಗೆ ಬಹಳ ಸುಲಭದ ಬೇಟೆ. ಆದರೆ ಕಾವಲು ಹೋದ ಮರಿಗಳನ್ನು ಬೇರೆ ಮೀನುಗಳೂ ಹಕ್ಕಿಗಳೂ ತಿಂದುಬಿಡುತ್ತವೆ. ಒಂದು ಹೊತ್ತಿನ ಸಾರಿಗಾಗಿ ಮುಂದಿನ ವರ್ಷದ ನೂರಾರು ಮರಿ ಹೋಗುತ್ತವೆ. ಅಂಥ ಗುಂಪು ಕಂಡ ದಿನ ಕೆರೆಯ ಇನ್ನೊಂದು ದಂಡೆಗೆ ಹೋಗಿರಿ.

ನಿಮ್ಮ ಸ್ವಂತ ಕೃಷಿಹೊಂಡದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ ದುಡ್ಡು ಕೊಟ್ಟು ತಂದ ಕಾಟ್ಲಾ, ರೋಹು ಮರಿಗಳನ್ನು ಬಿಡುವುದಾದರೆ, ಹರಿದುಬಂದ ನೀರಿನೊಡನೆ ಸೇರಿಕೊಂಡ ಒಂದೆರಡು ಕೊರವ ಇದ್ದರೂ ಅವು ಮರಿಗಳನ್ನು ನುಂಗುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗಲೇ, ಮರಿ ಬಿಡುವ ಮೊದಲೇ, ಅವನ್ನು ಗಾಳದಿಂದ ತೆಗೆದುಬಿಡಿರಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ತೋಡಿದ ಅನೇಕ ಹೊಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಅಲ್ಲಿ ಸೀಸದ ಗುಂಡು ಕಟ್ಟಿದ ಗಾಳವನ್ನಾಗಲಿ ಮೂರು ಕೊಕ್ಕೆಯ ತಗಡಿನ ಎರೆಯನ್ನಾಗಲಿ ತಳಕ್ಕೆ ಬಿಡಬೇಡಿರಿ. ಹಾಳೆ ತೂತಾದರೆ ನೀರು ನಿಲ್ಲದು. ತೇಲುವ ರಬ್ಬರ್ ಕಪ್ಪೆಯನ್ನೇ ಬಳಸಿರಿ. ಆ ಹಾಳೆ ಒದ್ದೆಯಾದಾಗ ಕಾಲು ನಿಲ್ಲದಷ್ಟು ಜಾರುತ್ತದೆ. ಗಂಟು ಹಾಕಿದ ಗಟ್ಟಿ ಹಗ್ಗವೊಂದನ್ನು ದಂಡೆಯ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ಮೇಲೆಯೇ ಗಾಳ ಹಿಡಿಯಿರಿ. ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿರಿ.

ಊರ ಕೆರೆಯನ್ನು ಮೀನುಗಾರಿಕೆಗೆ ಗುತ್ತಿಗೆ ಕೊಟ್ಟಿದ್ದರೆ ಗುತ್ತಿಗೆದಾರರನ್ನು ಮೊದಲು ಕೇಳಿರಿ. ಮರಿ ಬಿಟ್ಟವರು ಅವರು. ಕೊರವನನ್ನು ಹಿಡಿಯುವೆನೆಂದರೆ ಅವರು ಬೇಡವೆನ್ನುವುದು ಅಪರೂಪ.