ಹುಲ್ಲುಹಾಸಿನ ಬದಲು ಮಾಕಂದಿ ಬೇರು: ಕಾರ್ಖಾನೆ ಅಂಗಳಕ್ಕೊಂದು ಮಿತವ್ಯಯದ ಹೊದಿಕೆ

ಯಾದಗಿರಿ, ಶಹಾಪುರ ಮತ್ತು ಸುರಪುರಗಳಲ್ಲಿ ಹತ್ತಿ ಜಿನ್ನಿಂಗ್ ಕಾರ್ಖಾನೆ, ದಾಲ್‌ಮಿಲ್ ಹಾಗೂ ಕಚೇರಿಗಳ ಮುಂದೆ ಹುಲ್ಲುಹಾಸು ಬೆಳೆಸುವ ಅಪೇಕ್ಷೆ ಸಹಜವಾದುದು. ಆದರೆ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಭಾಗದಲ್ಲಿ ಅದರ ಖರ್ಚು ಹಗುರವಲ್ಲ. ದಿನಕ್ಕೆ 5 ಮಿಲಿಮೀಟರಿನಷ್ಟು ನೀರುಣಿಸಿದರೂ ಒಂದು ಗುಂಟೆ ಹುಲ್ಲಿಗೆ ಸುಮಾರು 500 ಲೀಟರ್ ಬೇಕು. 5,000 ಲೀಟರಿನ ಟ್ಯಾಂಕರ್ ಹತ್ತು ದಿನಗಳಲ್ಲಿ ಬರಿದಾಗುತ್ತದೆ. ನಾರಾಯಣಪುರ ಜಲಾಶಯದ ಕಾಲುವೆಗಳು ಹೊಲಗಳಿಗೆ ನೀರು ತಂದಿವೆ ನಿಜ, ಅಂಗಳದ ಹುಲ್ಲಿಗಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂತಹುದೇ ತೊಂದರೆಗೆ ಅಲ್ಲಿನ ಸ್ಥಳೀಯ ಸೇಜ್ ಗಿಡಗಳನ್ನು ನೆಲಹೊದಿಕೆಯಾಗಿ ಬೆಳೆಸುತ್ತಾರೆ. ಸೇಜ್ ತುಳಸಿಯ ಕುಟುಂಬಕ್ಕೆ ಸೇರಿದ ಸಸ್ಯ. ಅದೇ ಕುಟುಂಬದ ದೇಶೀಯ ಗಿಡವೊಂದು ಭಾರತದ ಒಣ ಗುಡ್ಡಗಳ ಇಳಿಜಾರುಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಅದೇ ಮಾಕಂದಿ ಬೇರು. ಸಸ್ಯಶಾಸ್ತ್ರದಲ್ಲಿ ಕೋಲಿಯಸ್ ಬಾರ್ಬೇಟಸ್. ಚೌಕಾಕಾರದ ಕಾಂಡ, ಸುವಾಸನೆಯ ದಪ್ಪ ಎಲೆ, ತೆನೆಯಂತಹ ನೀಲಿ ಹೂವು ಇದರ ಗುರುತು. ಒಂದೆರಡು ಅಡಿ ಎತ್ತರಕ್ಕೆ ಬೆಳೆದು ನೆಲವನ್ನು ಮುಚ್ಚುತ್ತದೆ. ದಪ್ಪನೆಯ ಬೇರುಗಳಲ್ಲಿ ಆಹಾರ, ತೇವ ಎರಡನ್ನೂ ಕೂಡಿಟ್ಟುಕೊಳ್ಳುವುದರಿಂದ ಒಣಹವೆಯನ್ನು ತಾಳಿಕೊಳ್ಳಬಲ್ಲದು.

ಆದರೆ ಈ ಗಿಡಕ್ಕೆ ಶತ್ರು ಬರವಲ್ಲ, ನಿಂತ ನೀರು. ಬೇರು ಕೊಳೆರೋಗ ಇದರ ಮುಖ್ಯ ಪೀಡೆ. ಮಳೆಗಾಲದಲ್ಲಿ ಎರೆಮಣ್ಣು ಹಿಗ್ಗಿ ನೀರನ್ನು ಹಿಡಿದಿಡುತ್ತದೆ. ಕಾಲುವೆಯ ಬಸಿನೀರಿರುವಲ್ಲಿ ತೊಂದರೆ ಇನ್ನೂ ಹೆಚ್ಚು. ಹೀಗಾಗಿ ಗುರುಮಠಕಲ್ ದಿಕ್ಕಿನ ಕೆಂಪು ಮಸಾರಿ ನೆಲದಲ್ಲಿ ಸುಲಭವಾಗಿ ಬರುವ ಗಿಡ ಶಹಾಪುರ, ಸುರಪುರಗಳ ಎರೆಭೂಮಿಯಲ್ಲಿ ನೇರವಾಗಿ ನೆಟ್ಟರೆ ಆಗಸ್ಟ್ ತಿಂಗಳಲ್ಲಿಯೇ ಬಾಡಿ ಬೀಳಬಹುದು. ಮಾಲೀಕರು ಇದನ್ನು ನೀರಿನ ಕೊರತೆಯೆಂದು ಬಗೆದು ಮತ್ತಷ್ಟು ನೀರು ಹಾಕುವುದುಂಟು. ಎರೆಭೂಮಿಯಲ್ಲಿ ಒಂದಡಿ ಎತ್ತರದ ಮಡಿ ಕಟ್ಟಿ, ಗರಸು ಮತ್ತು ಮಸಾರಿ ಮಣ್ಣನ್ನು ತುಂಬಿ, ಸುತ್ತಲೂ ನೀರು ಹರಿದುಹೋಗಲು ಕಾಲುವೆ ತೆಗೆಯುವುದೇ ಸರಿಯಾದ ಕ್ರಮ. ಆರಂಭದ ಈ ಖರ್ಚನ್ನು ಉಳಿಸಲು ಹೋದರೆ ಗಿಡ ಉಳಿಯದು.

ನಾಟಿಗೆ ಜೂನ್–ಜುಲೈ ಸೂಕ್ತ. ಮೂರು–ನಾಲ್ಕು ಜೊತೆ ಎಲೆಗಳಿರುವ, ಗೇಣಿಗಿಂತ ಚಿಕ್ಕದಾದ ತುದಿಕಾಂಡಗಳನ್ನು ನೆರಳಿನಲ್ಲಿ ಬೇರು ಬಿಡಿಸಿ, ಒಂದೂವರೆ ಅಡಿ ಅಂತರದಲ್ಲಿ ನೆಡಬೇಕು. ಗುಂಟೆಗೆ ಸುಮಾರು 480 ಸಸಿಗಳು ಹಿಡಿಯುತ್ತವೆ. ಬೇರೂರುವವರೆಗೆ ಮಾತ್ರ ನೀರಿನ ಆರೈಕೆ ಅಗತ್ಯ.

ಬೇಸಿಗೆಯಲ್ಲಿ ಮೇಲ್ಭಾಗ ಒಣಗಿ ಬೇರಷ್ಟೇ ಜೀವಂತವಾಗಿರುವುದು ಇದರ ಸ್ವಭಾವ. ಜಿನ್ನಿಂಗ್ ಆವರಣಗಳಲ್ಲಿ ಈ ಒಣ ಕಾಂಡಗಳನ್ನು ಕೂಡಲೇ ಕತ್ತರಿಸಿ ಸಾಗಿಸತಕ್ಕದ್ದು. ಹತ್ತಿಯ ಸಮೀಪ ಒಣಸೊಪ್ಪು ಬೆಂಕಿಗೆ ಆಹ್ವಾನ. ಮೇ ತಿಂಗಳಲ್ಲಿಯೂ ಹಸಿರು ಬೇಕೆನ್ನುವವರು ಗೋಡೆಯ ನೆರಳಿನಲ್ಲಿ ಇದೇ ಕುಟುಂಬದ ದೊಡ್ಡಪತ್ರೆಯನ್ನು ಬೆಳೆಸಬಹುದು. ಅದಕ್ಕೆ ಆಗಾಗ ಸ್ವಲ್ಪ ನೀರು ಸಾಕು.

ಮಾಕಂದಿ ಬೇರಿಗೆ ವ್ಯಾಪಾರದ ಮುಖವೂ ಇದೆ. ಇದರ ಬೇರು ಉಪ್ಪಿನಕಾಯಿಗೆ ಬಳಕೆಯಾಗುತ್ತದೆ. ಬೇರಿನಲ್ಲಿರುವ ಫೋರ್‌ಸ್ಕೋಲಿನ್ ಎಂಬ ಔಷಧೀಯ ಅಂಶವನ್ನು 1970ರ ದಶಕದಲ್ಲಿ ಭಾರತದಲ್ಲಿಯೇ ಬೇರ್ಪಡಿಸಲಾಯಿತು. ಆನಂತರ ಕರ್ನಾಟಕ, ತಮಿಳುನಾಡುಗಳಲ್ಲಿ ಒಪ್ಪಂದ ಕೃಷಿಯೂ ನಡೆದಿದೆ. ಆದರೆ ಗುಂಟೆ, ಎರಡು ಗುಂಟೆಯ ಬೇರನ್ನು ಕೊಳ್ಳಲು ಸಾರ ತೆಗೆಯುವ ಕಂಪನಿಗಳು ಬರುವುದಿಲ್ಲ. ಎಕರೆಗಟ್ಟಲೆ ಬೆಳೆಯಲು ಹೊರಡುವವರು ದರ, ತೂಕ ಮತ್ತು ತೇವಾಂಶದ ಷರತ್ತುಗಳನ್ನು ನಾಟಿಗೆ ಮುಂಚೆಯೇ ಲಿಖಿತ ಕರಾರಿನಲ್ಲಿ ಸೇರಿಸಿಕೊಳ್ಳಬೇಕು.