ಸಣ್ಣ ಊರಿನಲ್ಲಿ ಹೋಟೆಲು: ಠೇವಣಿಗೆ ಮೊದಲು ಊಟದ ಲೆಕ್ಕ

ನಮ್ಮ ಭಾಗದಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದವರಿಗೆ ಮೊದಲು ಹೊಳೆಯುವ ವ್ಯಾಪಾರಗಳಲ್ಲಿ ಹೋಟೆಲು ಅಥವಾ ಖಾನಾವಳಿಯೂ ಒಂದು. ಊಟ ಎಲ್ಲರಿಗೂ ಬೇಕು, ಹಣ ಅಂದಂದೇ ಕೈಸೇರುತ್ತದೆ ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಹೊಲ ಒತ್ತೆಯಿಟ್ಟು, ಬಂಗಾರ ಅಡವಿಟ್ಟು ಅಥವಾ ನಿವೃತ್ತಿಯ ಹಣ ತೊಡಗಿಸಿ ಆರಂಭಿಸಿದ ಉದ್ಯಮ ಮುಗ್ಗರಿಸಿದರೆ ನಷ್ಟವು ಗಲ್ಲಾಪೆಟ್ಟಿಗೆಯಲ್ಲೇ ನಿಲ್ಲದೆ ಮನೆಯವರೆಗೂ ಬರುತ್ತದೆ. ಆದ್ದರಿಂದ ಜಾಗಕ್ಕೆ ಠೇವಣಿ ಕೊಡುವ ಮೊದಲೇ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು ಎರಡು: ದಿನಕ್ಕೆ ಎಷ್ಟು ಊಟ ಮಾರಾಟವಾದರೆ ಖರ್ಚು ಸರಿದೂಗುತ್ತದೆ? ಅಷ್ಟು ಗಿರಾಕಿಗಳು ಆ ಊರಿನಲ್ಲಿ ಇದ್ದಾರೆಯೇ?

ಗಿರಾಕಿ ಯಾರು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಒಂದೇ ಜಿಲ್ಲೆಯ ಊರುಗಳಾದರೂ ಅವುಗಳ ಗಿರಾಕಿಗಳು ಬೇರೆ ಬೇರೆ. ವಾಡಿ ರೈಲ್ವೆ ಜಂಕ್ಷನ್. ಮುಂದಿನ ಗಾಡಿಯನ್ನು ಕಾಯುವ ಪ್ರಯಾಣಿಕನಿಗೆ ಊಟದ ರುಚಿಯಷ್ಟೇ ಬೇಗ ಬಡಿಸುವುದೂ ಮುಖ್ಯ. ಚಿತ್ತಾಪುರದಂತಹ ತಾಲೂಕು ಕೇಂದ್ರದಲ್ಲಿ ಕಚೇರಿ, ನ್ಯಾಯಾಲಯಗಳ ಕೆಲಸಕ್ಕೆ ಬರುವ ಹಳ್ಳಿಯ ಜನರೇ ಮಧ್ಯಾಹ್ನದ ಆಧಾರ. 2019ರಿಂದ ಎರಡನೆಯ ಶನಿವಾರದ ಜೊತೆಗೆ ನಾಲ್ಕನೆಯ ಶನಿವಾರವೂ ಸರ್ಕಾರಿ ಕಚೇರಿಗಳಿಗೆ ರಜೆ ಇರುವುದರಿಂದ, ಭಾನುವಾರಗಳನ್ನೂ ಕೂಡಿಸಿದರೆ ತಿಂಗಳಲ್ಲಿ ಕನಿಷ್ಠ ಆರು ದಿನ ಈ ವ್ಯಾಪಾರ ಇಳಿಯುತ್ತದೆ.

ಸೇಡಂ ಮತ್ತು ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಸಾವಿರಾರು ಕಾರ್ಮಿಕರಿದ್ದಾರೆಂದು ಎಣಿಸುವವರು ಕಾರ್ಖಾನೆಯೊಳಗಿನ ಕ್ಯಾಂಟೀನನ್ನು ಮರೆಯಬಾರದು. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ 250ಕ್ಕೂ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನಿನ ನಿಯಮವಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆ ಆ ಮಿತಿಯನ್ನು 100ಕ್ಕೆ ಇಳಿಸಿದೆ. ಹೀಗಾಗಿ ಹೊರಗಿನ ಹೋಟೆಲಿಗೆ ಸಿಗುವವರು ಹೆಚ್ಚಾಗಿ ಲಾರಿ ಚಾಲಕರು ಮತ್ತು ಬಂದು ಹೋಗುವವರು. ಲಾರಿ ನಿಲ್ಲಿಸಲು ಜಾಗವಿಲ್ಲದ ಪೇಟೆಯ ನಡುವೆ ಚಾಲಕರನ್ನು ನಂಬಿ ಕಟ್ಟಡ ಹಿಡಿಯುವುದು ವ್ಯರ್ಥ.

ಶಹಾಬಾದ್ ಹಾಸುಗಲ್ಲಿಗೆ ಹೆಸರಾದ ಊರು. ಮಳೆಗಾಲದಲ್ಲಿ ಗಣಿಗಳ ಕೆಲಸ ಕುಂಠಿತವಾದರೆ ಕೂಲಿ ನಿಲ್ಲುತ್ತದೆ, ಊಟದ ಗಿರಾಕಿಯೂ ಕಡಿಮೆಯಾಗುತ್ತಾನೆ. ಒಂದೇ ಕಾರ್ಖಾನೆಯ ಸಂಬಳದ ದಿನವನ್ನು ನಂಬಬಾರದೆಂಬುದಕ್ಕೂ ಹಳೆಯ ಸಿಮೆಂಟ್ ಕಾರ್ಖಾನೆ ನಿಂತುಹೋದ ಈ ಊರೇ ಪಾಠ. ಚಿಂಚೋಳಿಗೆ ರೈಲು ಇಲ್ಲ. ತೊಗರಿ ರಾಶಿಯ ಕಾಲದಲ್ಲಿ ಅಲ್ಲಿ ಹಣ ಓಡಾಡುತ್ತದೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಅರಣ್ಯ ಮತ್ತು ಚಂದ್ರಂಪಳ್ಳಿ ಜಲಾಶಯ ನೋಡಲು ಪ್ರವಾಸಿಗರು ಬರುತ್ತಾರಾದರೂ ಅವರು ರಜಾದಿನದ ಗಿರಾಕಿಗಳು. ವರ್ಷವಿಡೀ ಬಾಡಿಗೆ ಕಟ್ಟಲು ಊರಿನ ನಿತ್ಯದ ಗಿರಾಕಿಯೇ ಬೇಕು.

ಸರಿದೂಗುವ ಲೆಕ್ಕ

ಒಂದು ಕಲ್ಪಿತ ಉದಾಹರಣೆ ನೋಡೋಣ. ತಿಂಗಳ ಬಾಡಿಗೆ ರೂ. 15,000, ಐವರು ಕೆಲಸಗಾರರ ವೇತನ ರೂ. 80,000, ವಿದ್ಯುತ್ ಮತ್ತು ನೀರು ರೂ. 10,000, ಸಾಲದ ಕಂತು ರೂ. 12,000, ಇತರೆ ರೂ. 3,000. ಒಟ್ಟು ಸ್ಥಿರ ಖರ್ಚು ರೂ. 1,20,000. ರೊಟ್ಟಿ ಊಟದ ದರ ರೂ. 80, ಜೋಳ, ಬೇಳೆ, ಎಣ್ಣೆ, ತರಕಾರಿ, ಗ್ಯಾಸಿನ ಖರ್ಚು ಊಟವೊಂದಕ್ಕೆ ರೂ. 48. ಉಳಿಯುವುದು ರೂ. 32. ಸ್ಥಿರ ಖರ್ಚನ್ನು ಇದರಿಂದ ಭಾಗಿಸಿದರೆ ತಿಂಗಳಿಗೆ 3,750, ಅಂದರೆ ದಿನಕ್ಕೆ 125 ಊಟ. ಇದು ಒಂದು ದಿನವೂ ಬಾಗಿಲು ಹಾಕದೆ ನಡೆಸಿದಾಗಿನ ಲೆಕ್ಕ. ಇದರಲ್ಲಿ ಮಾಲೀಕನ ದುಡಿಮೆಗೆ ಒಂದು ರೂಪಾಯಿಯೂ ಸೇರಿಲ್ಲ.

ತೆರಿಗೆಯ ಆಯ್ಕೆ

ದಿನಕ್ಕೆ 125 ಊಟವೆಂದರೆ ವರ್ಷಕ್ಕೆ ರೂ. 36 ಲಕ್ಷದ ವಹಿವಾಟು. ಹೋಟೆಲು ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ರೂ. 20 ಲಕ್ಷವಾದ್ದರಿಂದ ನೋಂದಣಿ ಅನಿವಾರ್ಯ. ಸಾಮಾನ್ಯ ಪದ್ಧತಿಯಲ್ಲಿ ಶೇ. 5ರ ತೆರಿಗೆಯನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ಪಡೆಯಬಹುದು, ಆದರೆ ಖರೀದಿಯ ಮೇಲೆ ತೆತ್ತ ತೆರಿಗೆ ಹಿಂದಿರುಗದು. ರಾಜಿ ತೆರಿಗೆ ಪದ್ಧತಿಯಲ್ಲಿಯೂ ದರ ಶೇ. 5. ಬರಹದ ಕೆಲಸ ಕಡಿಮೆ, ಆದರೆ ಬಿಲ್ಲಿನಲ್ಲಿ ತೆರಿಗೆ ವಸೂಲಿ ಮಾಡುವಂತಿಲ್ಲ. ಊಟದ ದರ ರೂ. 80ರಲ್ಲೇ ಇದ್ದರೆ ರೂ. 4 ಮಾಲೀಕನ ಕೈಯಿಂದ ಹೋಗಿ, ಉಳಿಕೆ ರೂ. 28ಕ್ಕೆ ಇಳಿದು, ದಿನಕ್ಕೆ 143 ಊಟ ಬೇಕಾಗುತ್ತದೆ.

ಇನ್ನೊಂದು ಅಂಶ ಹಲವರ ಗಮನಕ್ಕೆ ಬಂದಿಲ್ಲ. ಕಟ್ಟಡದ ಮಾಲೀಕರು ಜಿಎಸ್‌ಟಿ ನೋಂದಣಿ ಹೊಂದಿರದಿದ್ದರೆ, 2024ರ ಅಕ್ಟೋಬರ್ 10ರಿಂದ ಸಾಮಾನ್ಯ ಪದ್ಧತಿಯ ಬಾಡಿಗೆದಾರನೇ ಬಾಡಿಗೆಯ ಮೇಲೆ ಶೇ. 18 ತೆರಿಗೆ ಕಟ್ಟಬೇಕು. ರಾಜಿ ತೆರಿಗೆದಾರರಿಗೆ 2025ರ ಜನವರಿ 16ರಿಂದ ವಿನಾಯಿತಿ ದೊರೆತಿದೆ. ನಮ್ಮ ಉದಾಹರಣೆಯಲ್ಲಿ ಇದು ತಿಂಗಳಿಗೆ ರೂ. 2,700, ಆಗ 125ರ ಬದಲು 128 ಊಟ. ಮಾಲೀಕ ಮನೆಖರ್ಚಿಗೆ ರೂ. 20,000 ತೆಗೆದುಕೊಂಡರೆ 149 ಊಟ.

ಪರವಾನಗಿ ಮತ್ತು ಉದ್ರಿ

ಸ್ಥಳೀಯ ಪುರಸಭೆ ಅಥವಾ ನಗರಸಭೆಯ ವ್ಯಾಪಾರ ಪರವಾನಗಿ, 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ, ಕಾರ್ಮಿಕ ಇಲಾಖೆಯ ನೋಂದಣಿ ಮೊದಲೇ ಆಗಬೇಕು. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಹೋಟೆಲಿನಲ್ಲಿ ಬಳಸುವುದು ಅಪರಾಧ. 19 ಕಿಲೋ ವಾಣಿಜ್ಯ ಸಿಲಿಂಡರಿನ ದರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚನ್ನೂ ಸೇರಿಸಬೇಕು.

ಸಣ್ಣ ಊರಿನಲ್ಲಿ ಪರಿಚಯವೇ ಬಂಡವಾಳ, ಪರಿಚಯವೇ ಉದ್ರಿಯ ಮೂಲವೂ ಹೌದು. ಉಳಿಕೆ ರೂ. 32 ಇರುವಾಗ ಬಾರದೆ ಹೋದ ರೂ. 80ರ ಒಂದು ಊಟದ ಬಾಕಿಯನ್ನು ತುಂಬಲು ಬೇರೆ ಎರಡೂವರೆ ಊಟ ಮಾರಬೇಕು. ತಿಂಗಳ ಲೆಕ್ಕದ ಗಿರಾಕಿಗಳಿಗೆ ಮುಂಗಡ ಪಡೆದು ಕೂಪನ್ ಕೊಡುವುದು ಒಳ್ಳೆಯ ರೂಢಿ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಪೀಠೋಪಕರಣಕ್ಕೆ ಎಲ್ಲ ಹಣ ಸುರಿಯದೆ ಮೂರು ತಿಂಗಳ ಸ್ಥಿರ ಖರ್ಚು, ಅಂದರೆ ನಮ್ಮ ಉದಾಹರಣೆಯಲ್ಲಿ ಸುಮಾರು ರೂ. 3.6 ಲಕ್ಷ, ಬ್ಯಾಂಕಿನಲ್ಲಿ ಪ್ರತ್ಯೇಕವಾಗಿರಲಿ. ಆಯ್ದ ಜಾಗದ ಎದುರು ಸಂತೆಯ ದಿನ, ಕಚೇರಿಯ ದಿನ, ರಜೆಯ ದಿನ ನಿಂತು, ಹತ್ತಿರದ ಹೋಟೆಲುಗಳಿಗೆ ಊಟಕ್ಕೆ ಹೋಗುವವರನ್ನು ಎಣಿಸಿರಿ. ಅವರಲ್ಲಿ ಎಷ್ಟು ಜನ ನಿಮ್ಮಲ್ಲಿಗೆ ಬಂದಾರೆಂದು ಕೈಬಿಗಿಹಿಡಿದು ಅಂದಾಜು ಮಾಡಿರಿ. ಆ ಸಂಖ್ಯೆ ನಿಮ್ಮ ಲೆಕ್ಕದ ಸಂಖ್ಯೆಯನ್ನು ಮುಟ್ಟದಿದ್ದರೆ ಬಾಡಿಗೆ ಕಡಿಮೆಯಿರುವ ಜಾಗ ಹುಡುಕುವುದು ಅಥವಾ ಮನೆಯವರೇ ನಡೆಸುವ ಚಿಕ್ಕ ಖಾನಾವಳಿಯಿಂದ ಆರಂಭಿಸುವುದು ಲೇಸು. ಠೇವಣಿ ಕೊಡುವ ಮೊದಲು ಕಾಗದದ ಮೇಲೆ ಕಂಡ ನಷ್ಟಕ್ಕೆ ಖರ್ಚಾಗುವುದು ಒಂದು ಹಾಳೆ ಮಾತ್ರ.