ವೇಳಾಪಟ್ಟಿಯ ವಿಮಾನವೂ ಬಾಡಿಗೆಯ ವಿಮಾನವೂ

ಹಾಸನದಿಂದ ಹೊಳೆನರಸೀಪುರದ ಮಾರ್ಗವಾಗಿ ಮೈಸೂರಿಗೆ ಹೋಗುವ ರೈಲುಗಾಡಿಯು, ಏರುವವರು ಹತ್ತೇ ಮಂದಿಯಾದರೂ, ಗೊತ್ತಾದ ವೇಳೆಗೆ ಹೊರಡತಕ್ಕದ್ದು. ಅರಕಲಗೂಡಿನ ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ಹಿಡಿದ ಬಸ್ಸಾದರೋ ಹಾಗಲ್ಲ. ಹಿಡಿದವರು ಹೇಳಿದಾಗ ಹೊರಡುವುದು, ಹೇಳಿದೆಡೆಗೆ ಹೋಗುವುದು. ಚನ್ನರಾಯಪಟ್ಟಣದ ದಾರಿಯಲ್ಲಿ ಕೈಯೊಡ್ಡಿ ನಿಂತ ಪರರಿಗೆ ಅದರಲ್ಲಿ ಎಡೆಯಿಲ್ಲ. ಆಕಾಶಯಾನದ ಕಟ್ಟಳೆಗಳೂ ಈ ಭೇದವನ್ನೇ ಹಿಡಿದು ನಡೆಯುತ್ತವೆ.

ನಮ್ಮ ದೇಶದ 1937ರ ವಿಮಾನ ನಿಯಮಗಳ ಪ್ರಕಾರ ಮೊದಲು ನೋಡತಕ್ಕದ್ದು ಪ್ರತಿಫಲವನ್ನು. ಜನರನ್ನಾಗಲಿ, ಟಪಾಲನ್ನಾಗಲಿ, ಸರಕನ್ನಾಗಲಿ ಯಾವ ವಿಧದ ಪ್ರತಿಫಲಕ್ಕಾದರೂ ಸಾಗಿಸಿದಲ್ಲಿ, ಅದು ಒಂದೇ ಹಾರಾಟವಾಗಿದ್ದರೂ, ವಿಮಾನ ಸಾರಿಗೆಯೆನಿಸುವುದು. ಖಾಸಗಿ ಪೈಲಟ್ ಲೈಸೆನ್ಸ್ ಮಾತ್ರವುಳ್ಳವರು ನೆಂಟರಿಷ್ಟರನ್ನು ಕೂರಿಸಿಕೊಂಡು ಹಾರಬಹುದೇ ಹೊರತು ಅವರಿಂದ ಬಾಡಿಗೆ ಪಡೆಯಲಾಗದು.

ಇನ್ನು, ಗೊತ್ತಾದ ಊರುಗಳ ನಡುವೆ, ಪ್ರಕಟಿಸಿದ ವೇಳಾಪಟ್ಟಿಯಂತೆ, ಅಥವಾ ಕ್ರಮವು ಎದ್ದುಕಾಣುವಷ್ಟು ನಿಯತವಾಗಿ ನಡೆಯುತ್ತ, ಪ್ರತಿಯೊಂದು ಹಾರಾಟವೂ ಸಾರ್ವಜನಿಕರಿಗೆ ತೆರೆದಿದ್ದರೆ ಅದು ನಿಗದಿತ ಸಾರಿಗೆ, ಉಳಿದುದು ಅನಿಗದಿತ. ಇಲ್ಲಿಯ ‘ಅಥವಾ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಪಟ್ಟಿಯನ್ನು ಅಚ್ಚುಹಾಕಿಸದ ಮಾತ್ರಕ್ಕೆ ನಿಯಮದಿಂದ ನುಣುಚಿಕೊಳ್ಳಲಾಗದೆಂಬುದು ಇದರ ಜಾಣ್ಮೆ.

ಈ ವ್ಯತ್ಯಾಸವು ಬರಿಯ ಶಬ್ದಜಾಲವಲ್ಲ. 1953ರ ಕಾನೂನು ನಿಗದಿತ ಸಾರಿಗೆಯನ್ನು ಸರ್ಕಾರದ ಎರಡು ನಿಗಮಗಳಿಗೇ ಮೀಸಲಿರಿಸಿತ್ತು. ಆದುದರಿಂದ 1990ರ ಬಳಿಕ ಬಂದ ಖಾಸಗಿ ಕಂಪನಿಗಳು ‘ಏರ್ ಟ್ಯಾಕ್ಸಿ’ ಎಂಬ ಹೆಸರಿನಲ್ಲಿ ಹಾರಬೇಕಾಯಿತು. 1994ರಲ್ಲಿ ಆ ಕಾನೂನು ರದ್ದಾಯಿತು. ನಿಗದಿತ ಸಾರಿಗೆಯವರ ಮೇಲೆ ಅದೇ ವರ್ಷದಿಂದ ಮತ್ತೊಂದು ಹೊಣೆಯೂ ಬಿತ್ತು: ಲಾಭದ ದೊಡ್ಡ ಊರುಗಳ ಜೊತೆಗೆ ಈಶಾನ್ಯ ಪ್ರಾಂತಗಳಿಗೂ ಅಂಡಮಾನ್ ಮುಂತಾದ ದ್ವೀಪಗಳಿಗೂ ಇಂತಿಷ್ಟು ಹಾರಾಟ ನಡೆಸಬೇಕು. ಬಾಡಿಗೆಯ ವಿಮಾನದವರಿಗೆ ಈ ಹೊರೆಯಿಲ್ಲ.

ಎರಡೂ ಬಗೆಗಳನ್ನು ನಡೆಸಿ ನೋಡಿದವರು ನಮ್ಮ ಹಾಸನದ ಸೀಮೆಯಲ್ಲಿಯೇ ಉಂಟು. ಹೇಮಾವತಿಯ ದಡದ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರು ಮೊದಲು ಡೆಕ್ಕನ್ ಏವಿಯೇಷನ್ ಮೂಲಕ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಹಾರಿಸಿದರು. 2003ರಲ್ಲಿ ಏರ್ ಡೆಕ್ಕನ್ ಎಂಬ ನಿಗದಿತ ಸಾರಿಗೆಯನ್ನು ಆರಂಭಿಸಿದರು. 2008ರಲ್ಲಿ ಅದು ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಇಡೀ ಯಂತ್ರಕ್ಕೆ ಹಣ ತೆರಬಲ್ಲವರಿಗೆ ಮೊದಲನೆಯದು. ಒಂದೇ ಆಸನದ ಹಣವುಳ್ಳವರಿಗೆ ಎರಡನೆಯದು.

ಹಾಗೆಂದು ಅನಿಗದಿತವನ್ನು ಧನಿಕರ ವಿಲಾಸವೆಂದು ಹೀಗಳೆಯುವುದು ನ್ಯಾಯವಲ್ಲ. ಪ್ರಾಣಾಪಾಯದಲ್ಲಿರುವ ರೋಗಿಗೆ ನಾಳೆಯ ವೇಳಾಪಟ್ಟಿಯಿಂದ ಪ್ರಯೋಜನವೇನು? ಕರೆ ಬಂದೊಡನೆ ಹೊರಡುವ ಏರ್ ಆಂಬ್ಯುಲೆನ್ಸುಗಳು ಈ ಅನಿಗದಿತ ವರ್ಗಕ್ಕೇ ಸೇರಿದವು.